ಬೆಳಕಿಗೆ ಓಗೊಡುವ ಔಷಧ

ಔಷಧಕ್ಕೆ ದಾರಿ ಗೊತ್ತಿಲ್ಲ. ಮೊಣಕಾಲಿನ ನೋವಿಗೆಂದು ನುಂಗಿದ ಗುಳಿಗೆಯು ಮೊಣಕಾಲನ್ನು ಹುಡುಕಿಕೊಂಡು ಹೋಗುವುದಿಲ್ಲ. ಜಠರದಲ್ಲಿ ಕರಗಿ, ರಕ್ತದಲ್ಲಿ ಸೇರಿ, ನೆತ್ತಿಯಿಂದ ಅಂಗಾಲಿನವರೆಗೆ ಎಲ್ಲೆಡೆಯೂ ಸುತ್ತುತ್ತದೆ. ಅದರಲ್ಲಿ ಅತ್ಯಲ್ಪ ಭಾಗವು ಮಾತ್ರವೇ ಬೇಕಾದ ಸ್ಥಳದಲ್ಲಿ ಬೇಕಾದ ಕೆಲಸವನ್ನು ಮಾಡುತ್ತದೆ. ಸೌಮ್ಯವಾದ ಮದ್ದುಗಳ ವಿಷಯದಲ್ಲಿ ಇದು ಅಷ್ಟಾಗಿ ಚಿಂತಿಸತಕ್ಕ ಸಂಗತಿಯಲ್ಲ. ಆದರೆ ಅರ್ಬುದರೋಗಕ್ಕೆ, ಎಂದರೆ ಈಗ ಎಲ್ಲರ ಬಾಯಲ್ಲಿಯೂ ಕ್ಯಾನ್ಸರ್ ಎಂದು ರೂಢಿಯಾಗಿರುವ ವ್ಯಾಧಿಗೆ, ಕೊಡುವ ಔಷಧಗಳಲ್ಲಿ ಅನೇಕವು ನಿಜವಾಗಿಯೂ ವಿಷಗಳೇ. ಬೇಗಬೇಗನೆ ಬೆಳೆಯುವ ಜೀವಕೋಶಗಳನ್ನು ಕೊಲ್ಲುವುದೇ ಅವುಗಳ ಗುಣ. ರೋಗದ ಕೋಶ ಯಾವುದು, ಕೂದಲಿನ ಬುಡದ ಕೋಶ ಯಾವುದು ಎಂಬ ವಿವೇಕ ಅವಕ್ಕಿಲ್ಲ. ತಲೆಯ ಕೂದಲು ಉದುರುವುದು, ಅನ್ನ ಸೇರದೆ ಹೋಗುವುದು, ರಕ್ತದಲ್ಲಿನ ಬಿಳಿಯ ಕಣಗಳು ಕುಗ್ಗುವುದು, ಇವೆಲ್ಲ ರೋಗದ ಲಕ್ಷಣಗಳಲ್ಲ; ಔಷಧವು ಹೋಗಬಾರದ ಕಡೆಗೆ ಹೋದುದರ ಫಲಗಳು. ಕಳ್ಳನೊಬ್ಬನು ಅಡಗಿದ್ದಾನೆಂದು ಊರಿಗೆಲ್ಲ ಬೆಂಕಿಯಿಟ್ಟಂತಾಯಿತು. ಈ ಸಂಕಟವನ್ನು ಎಷ್ಟೋ ಮಂದಿ ಗೃಹಸ್ಥರು ತಮ್ಮ ಮನೆಗಳಲ್ಲಿಯೇ ಕಂಡಿದ್ದಾರೆ.

ಹಾಗಾದರೆ ಔಷಧವು ಶರೀರದಲ್ಲೆಲ್ಲ ಮೌನವಾಗಿದ್ದು, ವೈದ್ಯನು ಬೆರಳಿಟ್ಟು ತೋರಿಸಿದ ಸ್ಥಳದಲ್ಲಿ ಮಾತ್ರ ಎಚ್ಚರಗೊಳ್ಳುವಂತೆ ಮಾಡಲಾದೀತೆ? ಆ ಬೆರಳಾಗಿ ಬೆಳಕನ್ನು ಉಪಯೋಗಿಸುವ ಪ್ರಯತ್ನವು ಒಂದು ನೂರು ವರ್ಷಗಳಿಗೂ ಮೀರಿ ನಡೆದುಬಂದಿದೆ. ಬೆಳಕಿಗೆ ಓಗೊಡುವ ಅತಿಸೂಕ್ಷ್ಮ ಕಣಗಳಲ್ಲಿ ಮದ್ದನ್ನು ತುಂಬಿ, ಬೇಕಾದಾಗ ಬೆಳಕು ಹಾಯಿಸಿ ಬಿಡುಗಡೆಮಾಡುವ ಇಂದಿನ ವಿದ್ಯೆಯು ಆ ಪ್ರಯತ್ನದ ಹೊಸ ಕವಲು. ಕವಲಿನ ಕಥೆ ತಿಳಿಯಬೇಕಾದರೆ ಬುಡದಿಂದಲೇ ಹೊರಡುವುದು ಲೇಸು.

ಮದ್ದಿಗೆ ಬಿಸಿಲನ್ನು ಜೊತೆಗೂಡಿಸುವ ಉಪಾಯವಾದರೋ ಬಹಳ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವು ಕುಷ್ಠಚಿಕಿತ್ಸೆಯನ್ನು ಕುರಿತದ್ದು. ಅದರ ಕೊನೆಯ ಭಾಗದಲ್ಲಿ ಶ್ವಿತ್ರದ, ಎಂದರೆ ತೊನ್ನಿನ, ಪ್ರಸ್ತಾಪವಿದೆ. ರೋಗಿಯ ಮೈಗೆ ಸ್ನೇಹನ ಮಾಡಿ, ಮಲಪೂ ಎಂಬ ಕಾಡತ್ತಿಯ ರಸವನ್ನು ಬೆಲ್ಲದೊಡನೆ ಕುಡಿಸಿ, ಅವನ ಶಕ್ತಿಗೆ ತಕ್ಕಷ್ಟು ಕಾಲ ಬಿಸಿಲಿನಲ್ಲಿರಿಸಬೇಕೆಂದೂ, ಆಗ ಮಚ್ಚೆಗಳ ಮೇಲೆ ಏಳುವ ಬೊಕ್ಕೆಗಳನ್ನು ಮುಳ್ಳಿನಿಂದ ಒಡೆಯಬೇಕೆಂದೂ ಅಲ್ಲಿ ವಿಧಿಸಿದೆ. ಶ್ವಿತ್ರಕ್ಕೆ ಹೆಸರಾದ ಮತ್ತೊಂದು ಮೂಲಿಕೆ ಬಾಕುಚಿ. ಗ್ರಂದಿಗೆಯ ಅಂಗಡಿಗಳಲ್ಲಿ ಬಾವಂಚಿ ಎಂದು ಕೇಳಿದರೆ ಇದರ ಕರಿಯ ಬೀಜಗಳನ್ನು ಕೊಡುತ್ತಾರೆ. ೧೯೩೩ರಲ್ಲಿ ಜೋಯಿಸ್, ಮಂಜುನಾಥ್, ವೆಂಕಟರಾವ್ ಎಂಬ ಮೂವರು ರಸಾಯನಶಾಸ್ತ್ರಜ್ಞರು ಈ ಬೀಜಗಳನ್ನು ಶೋಧಿಸಿ, ಅವುಗಳಲ್ಲಿನ ಸೋರಾಲೆನ್ ಎಂಬ ದ್ರವ್ಯವನ್ನು ಬೇರ್ಪಡಿಸಿ ಭಾರತೀಯ ರಸಾಯನ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಈಜಿಪ್ಟಿನಲ್ಲಿ ನೈಲ್ ನದಿಯ ತೀರದಲ್ಲಿ ಬೆಳೆಯುವ ಒಂದು ಕಳೆಯ ಬೀಜವನ್ನು ಅಲ್ಲಿಯವರು ಇದೇ ರೋಗಕ್ಕೆ ಇದೇ ರೀತಿಯಲ್ಲಿ ಬಿಸಿಲಿನೊಡನೆ ಬಳಸುತ್ತಿದ್ದರು. ಅದರಲ್ಲಿಯೂ ಇದೇ ಜಾತಿಯ ದ್ರವ್ಯವೇ ಇದೆಯೆಂಬುದು ೧೯೪೦ರ ದಶಕದಲ್ಲಿ ಕೈರೋ ನಗರದ ಪಂಡಿತರಿಂದ ತಿಳಿದುಬಂತು. ಸೋರಾಲೆನ್ ಕತ್ತಲೆಯಲ್ಲಿ ಬಹುಮಟ್ಟಿಗೆ ಸಾಧು; ನೇರಳೆ ಬಣ್ಣದಾಚೆಗಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವು ತಾಗಿದಾಗಲೇ ಅದು ಜೀವಕೋಶದ ಒಳಗಿನ ತಂತುಗಳಿಗೆ ಅಂಟಿಕೊಂಡು ಕೆಲಸವನ್ನಾರಂಭಿಸುತ್ತದೆ. ೧೯೭೪ರಲ್ಲಿ ಅಮೆರಿಕಾದ ಬಾಸ್ಟನ್ ನಗರದ ವೈದ್ಯರು ಇದೇ ಜಾತಿಯ ಔಷಧವನ್ನು ನುಂಗಿಸಿ, ಅಳತೆ ಮಾಡಿದ ಅತಿನೇರಳೆ ಕಿರಣಗಳಿಗೆ ಮೈಯೊಡ್ಡಿಸಿ ಸೋರಿಯಾಸಿಸ್ ಎಂಬ ಚರ್ಮರೋಗವನ್ನು ಹತೋಟಿಗೆ ತಂದರು.

ಇಷ್ಟರಿಂದ ಪ್ರಾಚೀನರಿಗೆ ಸೂಕ್ಷ್ಮಕಣಗಳ ವಿದ್ಯೆಯೆಲ್ಲ ತಿಳಿದಿತ್ತೆಂದು ಸಾರಹೊರಡುವುದು ಅವರಿಗೆ ಮಾಡುವ ಗೌರವವಲ್ಲ. ಅವರು ಕಣ್ಣಾರೆ ಕಂಡರು. ಕಂಡಷ್ಟನ್ನು ಶ್ರದ್ಧೆಯಿಂದ ಬರೆದಿಟ್ಟರು. ರೋಗಿಯ ಬಲವನ್ನು ನೋಡಿ ಬಿಸಿಲನ್ನು ಅಳೆಯಬೇಕೆಂಬ ಅವರ ಎಚ್ಚರಿಕೆಯೊಂದೇ ಸಾಕು, ಅವರ ದೃಷ್ಟಿಯ ಸೂಕ್ಷ್ಮತೆಯನ್ನು ತೋರಿಸುವುದಕ್ಕೆ.

ಬೆಳಕಿನ ಚಿಕಿತ್ಸೆಯನ್ನು ಪ್ರಯೋಗಶಾಲೆಯ ಶಿಸ್ತಿಗೆ ಒಳಪಡಿಸಿದವರು ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್. ೧೮೬೦ರಲ್ಲಿ ಫೇರೋ ದ್ವೀಪಗಳಲ್ಲಿ ಹುಟ್ಟಿ, ಕೋಪನ್‌ಹೇಗನ್ನಿನಲ್ಲಿ ವೈದ್ಯವನ್ನು ಕಲಿತ ಇವರು ತಾರುಣ್ಯದಿಂದಲೂ ರೋಗಿಷ್ಠರು. ಮುಖವನ್ನು ತಿಂದು ವಿಕಾರಗೊಳಿಸುತ್ತಿದ್ದ ಚರ್ಮದ ಕ್ಷಯಕ್ಕೆ ಇವರು ಪ್ರಖರವಾದ ವಿದ್ಯುದ್ದೀಪದ ಬೆಳಕನ್ನು ಸ್ಫಟಿಕದ ಮಸೂರಗಳಿಂದ ಒಂದೇ ಕಡೆಗೆ ಕೂಡಿಸಿ ಹಾಯಿಸಿದರು. ೧೮೯೬ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿದರು. ಚಿಕಿತ್ಸೆಯ ಕಾಲದಲ್ಲಿ ದಾದಿಯೊಬ್ಬಳು ಮಸೂರವನ್ನು ರೋಗಿಯ ಚರ್ಮಕ್ಕೆ ಒತ್ತಿ ಹಿಡಿದಿರಬೇಕಾಗಿತ್ತು. ಹೀಗೆ ಒತ್ತುವುದಕ್ಕೆ ಕಾರಣವಾದ ಪ್ರಯೋಗವು ಬಹು ಸರಳವಾದದ್ದು, ಹಾಗೆಯೇ ಬಹು ಮುಖ್ಯವಾದದ್ದು. ಒಬ್ಬರ ಕಿವಿಯ ಹಿಂದೆ ಛಾಯಾಚಿತ್ರದ ಕಾಗದದ ತುಂಡನ್ನಿಟ್ಟು ಮುಂದಿನಿಂದ ಬೆಳಕನ್ನು ಬಿಟ್ಟರೆ, ಐದು ನಿಮಿಷ ಕಳೆದರೂ ಕಾಗದವು ಕಪ್ಪಾಗಲಿಲ್ಲ. ಅದೇ ಕಿವಿಯನ್ನು ಎರಡು ಗಾಜುಗಳ ನಡುವೆ ಒತ್ತಿ ರಕ್ತವನ್ನು ಹಿಂಡಿ ಹೊರಡಿಸಿ ಮತ್ತೆ ಬೆಳಕನ್ನು ಬಿಟ್ಟಾಗ ಕಾಗದವು ಬೇಗನೆ ಕಪ್ಪಾಯಿತು. ಎಂದರೆ ಬೆಳಕಿಗೆ ಅಡ್ಡವಾಗಿ ನಿಂತದ್ದು ಚರ್ಮವೂ ಅಲ್ಲ, ಮಾಂಸವೂ ಅಲ್ಲ, ರಕ್ತದ ಕೆಂಪು. ಈ ಕೆಂಪು ಗೋಡೆಯನ್ನು ದಾಟುವುದು ಹೇಗೆಂಬ ಪ್ರಶ್ನೆಯು ಫಿನ್ಸೆನ್ನರ ಕಾಲದಿಂದ ಇಂದಿನವರೆಗೂ ಈ ವಿದ್ಯೆಯ ಬೆನ್ನುಹತ್ತಿ ಬಂದಿದೆ. ೧೯೦೩ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮರುವರ್ಷವೇ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಫಿನ್ಸೆನ್ನರು ಬೆಳಕನ್ನೇ ಔಷಧವೆಂದು ಬಗೆದಿದ್ದರು. ಬೆಳಕು ಮತ್ತೊಂದು ದ್ರವ್ಯವನ್ನು ಔಷಧವನ್ನಾಗಿ ಮಾಡಬಲ್ಲದೆಂಬುದು ತಿಳಿದದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, ಅದೂ ಆಕಸ್ಮಿಕವಾಗಿ. ಅಲ್ಲಿ ಹೆರ್ಮಾನ್ ಫಾನ್ ಟಾಪೈನರ್ ಎಂಬ ಆಚಾರ್ಯರ ಬಳಿ ಓದುತ್ತಿದ್ದ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಗೆ ಒಂದು ಕೆಲಸವನ್ನು ಒಪ್ಪಿಸಲಾಗಿತ್ತು: ಕೊಳದ ನೀರಿನಲ್ಲಿ ವಾಸಿಸುವ ಪ್ಯಾರಮೀಸಿಯಮ್ ಎಂಬ ಏಕಕೋಶ ಜೀವಿಗಳನ್ನು ಅಕ್ರಿಡೀನ್ ಎಂಬ ವರ್ಣದ್ರವ್ಯವು ಎಷ್ಟು ಹೊತ್ತಿನಲ್ಲಿ ಕೊಲ್ಲುತ್ತದೆಂದು ಅಳೆಯುವುದು. ಒಂದೇ ದ್ರಾವಣ, ಒಂದೇ ಜೀವಿ. ಆದರೂ ಒಂದು ದಿನ ಜೀವಿಗಳು ಬೇಗನೆ ಸತ್ತವು, ಇನ್ನೊಂದು ದಿನ ಬಹಳ ಹೊತ್ತು ಬದುಕಿದವು. ಸಾಮಾನ್ಯನಾದ ವಿದ್ಯಾರ್ಥಿಯಾಗಿದ್ದರೆ ಸರಾಸರಿ ತೆಗೆದು ಬರೆದು ಮುಗಿಸಿಬಿಡುತ್ತಿದ್ದನು. ರಾಬ್ ಹಾಗೆ ಮಾಡಲಿಲ್ಲ. ಎರಡು ದಿನಗಳಿಗೂ ಇದ್ದ ಭೇದವೇನೆಂದು ವಿಚಾರಿಸಿ, ಭೇದವಿದ್ದದ್ದು ಕೋಣೆಯ ಬೆಳಕಿನಲ್ಲಿ ಎಂಬುದನ್ನು ಕಂಡುಕೊಂಡನು. ಬಣ್ಣವೊಂದೇ ಇದ್ದರೆ ಹಾನಿ ಅಲ್ಪ. ಬೆಳಕೊಂದೇ ಇದ್ದರೂ ಅಷ್ಟೆ. ಎರಡೂ ಸೇರಿದರೆ ಸಾವು. ಇದು ೧೯೦೦ರಲ್ಲಿ ಪ್ರಕಟವಾಯಿತು. ಟಾಪೈನರರು ೧೯೦೩ರಲ್ಲಿ ಚರ್ಮದ ಗೆಡ್ಡೆಗಳಿಗೆ ಇಯೋಸಿನ್ ಎಂಬ ಬಣ್ಣವನ್ನು ಬಳಿದು ಬೆಳಕು ತಾಗಿಸಿ ಚಿಕಿತ್ಸೆ ಮಾಡಿ ನೋಡಿದರು. ಮರುವರ್ಷ ಅವರೂ ಯೋಡ್ಲ್‌ಬೌವರ್ ಎಂಬವರೂ ಕೂಡಿ, ಈ ಕ್ರಿಯೆಗೆ ಆಮ್ಲಜನಕವೂ ಬೇಕೆಂದು ತೋರಿಸಿಕೊಟ್ಟರು.

ಇದರ ಒಳಮರ್ಮವನ್ನು ಈಗ ಹೀಗೆ ವಿವರಿಸುತ್ತಾರೆ. ಬಣ್ಣದ ಅಣುವು ಬೆಳಕನ್ನು ಹೀರಿ ಉದ್ರಿಕ್ತವಾಗಿ, ಆ ಉದ್ರೇಕವನ್ನು ಹತ್ತಿರದ ಆಮ್ಲಜನಕಕ್ಕೆ ದಾಟಿಸುತ್ತದೆ. ಸಾಧುವಾಗಿದ್ದ ಆಮ್ಲಜನಕವು ಉಗ್ರವಾಗಿ, ಸಿಕ್ಕಿದ್ದನ್ನು ಸುಡುತ್ತದೆ. ಆದರೆ ಈ ಉಗ್ರತೆಯು ಕ್ಷಣಿಕ. ಹುಟ್ಟಿದ ಜಾಗದಿಂದ ಒಂದು ಜೀವಕೋಶದ ಅಗಲದಷ್ಟು ದೂರವನ್ನೂ ದಾಟುವ ಮುನ್ನ ಅದು ಶಾಂತವಾಗಿಬಿಡುತ್ತದೆ. ಆದುದರಿಂದ ಬೆಳಕು ಬಿದ್ದಲ್ಲಿ ಮಾತ್ರ ದಹನ, ಪಕ್ಕದ ಮನೆ ಕ್ಷೇಮ. ಔಷಧಕ್ಕೆ ಸ್ಥಳಜ್ಞಾನವನ್ನು ಕೊಡುವ ಮೊದಲನೆಯ ಉಪಾಯವು ಹೀಗೆ ಮನುಷ್ಯನ ಕೈಗೆ ಬಂತು.

ಆದರೆ ಒಂದು ತೊಡಕಿತ್ತು. ಅದನ್ನು ತಮ್ಮ ಮೈಮೇಲೆ ತಂದುಕೊಂಡು ಲೋಕಕ್ಕೆ ತೋರಿಸಿದವರು ಜರ್ಮನಿಯವರೇ ಆದ ಫ್ರೀಡ್ರಿಖ್ ಮೈಯರ್-ಬೆಟ್ಸ್ ಎಂಬ ವೈದ್ಯರು. ರಕ್ತದ ವರ್ಣದ್ರವ್ಯದಿಂದ ಕಬ್ಬಿಣವನ್ನು ತೆಗೆದರೆ ಹಿಮಾಟೋಪಾರ್ಫಿರಿನ್ ಎಂಬ ವಸ್ತು ದೊರೆಯುತ್ತದೆ. ಅದು ಬೆಳಕಿನಲ್ಲಿ ಇಲಿಗಳನ್ನು ಕೊಲ್ಲುತ್ತದೆಂಬುದು ಆಗಲೇ ತಿಳಿದಿತ್ತು. ಮನುಷ್ಯನಿಗೆ ಏನಾಗುತ್ತದೆ? ೧೯೧೨ರಲ್ಲಿ ಮೈಯರ್-ಬೆಟ್ಸರು ಅದರ ೨೦೦ ಮಿಲಿಗ್ರಾಮನ್ನು ತಮ್ಮ ರಕ್ತಕ್ಕೇ ಚುಚ್ಚಿಸಿಕೊಂಡರು. ಕತ್ತಲೆಯಲ್ಲಿದ್ದಷ್ಟು ಹೊತ್ತು ಏನೂ ಇಲ್ಲ. ಬಿಸಿಲಿಗೆ ಬಂದೊಡನೆ ಬೆಳಕು ತಾಗಿದ ಮುಖವೂ ಕೈಗಳೂ ಉರಿದು ಬಾತುಕೊಂಡವು. ಗುರುತೇ ಸಿಕ್ಕದಷ್ಟು ಮುಖ ಊದಿದ ಛಾಯಾಚಿತ್ರವು ವೈದ್ಯಗ್ರಂಥಗಳಲ್ಲಿ ಉಳಿದುಬಂದಿದೆ. ಬಿಸಿಲಿನ ಈ ಭಯವು ತಿಂಗಳುಗಟ್ಟಲೆ ಅವರನ್ನು ಬಿಡಲಿಲ್ಲ. ಬೆಳಕಿಗೆ ಓಗೊಡುವ ಮದ್ದು ವೈದ್ಯನ ದೀಪಕ್ಕೆ ಮಾತ್ರ ಓಗೊಡುತ್ತದೆಂದು ಯಾರು ಹೇಳಿದರು? ಸೂರ್ಯನು ಕರೆದರೂ ಅದು ಎದ್ದು ನಿಲ್ಲುತ್ತದೆ. ಒಬ್ಬ ಮನುಷ್ಯನ ಊದಿದ ಮುಖದಿಂದ ತಿಳಿದ ಈ ಮಾತು ಮುಂದಿನ ನೂರು ವರ್ಷಗಳ ಶ್ರಮಕ್ಕೆ ದಿಕ್ಕನ್ನು ತೋರಿಸಿತೆನ್ನಬಹುದು.

ಆ ಮೇಲೆ ಎರಡು ಮಹಾಯುದ್ಧಗಳು ಬಂದುಹೋದವು. ಈ ವಿದ್ಯೆಯು ಬಹುಕಾಲ ಮೂಲೆಗೆ ಬಿದ್ದಿತ್ತು. ೧೯೬೦ರ ಸುಮಾರಿನಲ್ಲಿ ಅಮೆರಿಕಾದ ಮೇಯೋ ಚಿಕಿತ್ಸಾಲಯದ ರಿಚರ್ಡ್ ಲಿಪ್ಸನ್ ಮೊದಲಾದವರು ಹಿಮಾಟೋಪಾರ್ಫಿರಿನ್ನಿನ ಸಂಸ್ಕರಿಸಿದ ರೂಪವೊಂದು ಗೆಡ್ಡೆಗಳಲ್ಲಿ ಹೆಚ್ಚಾಗಿ ನಿಲ್ಲುತ್ತದೆಂದು ಗುರುತಿಸಿದರು. ಅದನ್ನು ನಿಜವಾದ ಚಿಕಿತ್ಸೆಯನ್ನಾಗಿ ಮಾಡಿದವರು ಬಫೆಲೋ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯ ಥಾಮಸ್ ಡೌಹರ್ಟಿ. ೧೯೭೮ರಲ್ಲಿ ಅವರು ೨೫ ಮಂದಿ ರೋಗಿಗಳ ೧೧೩ ಗೆಡ್ಡೆಗಳಿಗೆ ಮಾಡಿದ ಚಿಕಿತ್ಸೆಯನ್ನು ವರದಿಮಾಡಿದರು: ೯೮ ಗೆಡ್ಡೆಗಳು ಪೂರ್ತಿಯಾಗಿ ಮಾಯವಾದವು, ೧೩ ಕುಗ್ಗಿದವು, ಎರಡು ಮಾತ್ರ ಜಗ್ಗಲಿಲ್ಲ. ಫೋಟೋಫ್ರಿನ್ ಎಂಬ ಹೆಸರಿನಲ್ಲಿ ಆ ಔಷಧಕ್ಕೆ ೧೯೯೩ರಲ್ಲಿ ಕೆನಡಾ ದೇಶವೂ ೧೯೯೫ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವೂ ಅನುಮತಿಯನ್ನು ಕೊಟ್ಟವು. ಆದರೆ ಮೈಯರ್-ಬೆಟ್ಸರ ಮುಖದ ನೆನಪು ಅಳಿಯಲಿಲ್ಲ. ಈ ಔಷಧವನ್ನು ತೆಗೆದುಕೊಂಡ ರೋಗಿಯು ಕಡಿಮೆಯೆಂದರೆ ೩೦ ದಿನಗಳಾದರೂ ಬಿಸಿಲಿಗೆ ಬರಬಾರದು. ಮನೆಯೊಳಗಿನ ಪ್ರಖರವಾದ ದೀಪಗಳಿಗೂ ಅಂಜಬೇಕು.

ಆದುದರಿಂದ ಕೆಲವರು ಬೇರೊಂದು ದಿಕ್ಕಿನಲ್ಲಿ ಆಲೋಚಿಸಿದರು. ಮದ್ದೇ ಬೆಳಕಿಗೆ ಸಿಡಿಯುವುದು ಬೇಡ. ಮದ್ದನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋಣ, ಬೆಳಕು ಬೀಗದ ಕೈಯಾಗಲಿ. ಪೆಟ್ಟಿಗೆಯು ರಕ್ತನಾಳಗಳಲ್ಲಿ ಸಂಚರಿಸುವಷ್ಟು ಸಣ್ಣದಾಗಿರಬೇಕು. ಎಷ್ಟು ಸಣ್ಣದು? ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ತಲೆಗೂದಲಿನ ಒಂದೆಳೆಯ ದಪ್ಪವೇ ಸುಮಾರು ೮೦,೦೦೦ ನ್ಯಾನೋಮೀಟರ್. ಈ ಪೆಟ್ಟಿಗೆಗಳಾದರೋ ಸಾಮಾನ್ಯವಾಗಿ ಹತ್ತಾರರಿಂದ ಒಂದೆರಡು ನೂರು ನ್ಯಾನೋಮೀಟರುಗಳಷ್ಟು. ಇಂತಹ ಪೆಟ್ಟಿಗೆಯನ್ನು ಮೊದಲು ಕಂಡವರು ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್. ೧೯೬೦ರ ದಶಕದ ನಡುವಿನಲ್ಲಿ ಅವರು, ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ದ್ರವ್ಯವು ನೀರಿನಲ್ಲಿ ತಾನಾಗಿಯೇ ಸಣ್ಣ ಗುಳ್ಳೆಗಳಾಗಿ ಸುತ್ತಿಕೊಳ್ಳುವುದನ್ನು ತೋರಿಸಿದರು. ಲಿಪೋಸೋಮ್ ಎಂಬ ಈ ಗುಳ್ಳೆಗಳಲ್ಲಿ ಅರ್ಬುದದ ಮದ್ದನ್ನು ತುಂಬಿ ಮಾಡಿದ ಔಷಧವು ೧೯೯೫ರಲ್ಲಿ ಅಮೆರಿಕಾದಲ್ಲಿ ಬಳಕೆಗೆ ಬಂತು.

ಅರ್ಬುದದ ಗೆಡ್ಡೆಗಳಲ್ಲಿ ರಕ್ತನಾಳಗಳು ಅವಸರದಿಂದ ಬೆಳೆದು ತೂತುತೂತಾಗಿರುತ್ತವೆ. ಸೂಕ್ಷ್ಮಕಣಗಳು ಆ ತೂತುಗಳಿಂದ ಸೋರಿ ಗೆಡ್ಡೆಯಲ್ಲಿಯೇ ನಿಲ್ಲುತ್ತವೆ ಎಂದು ೧೯೮೬ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಯೆದಾ ಎಂಬ ಪಂಡಿತರು ಪ್ರತಿಪಾದಿಸಿದರು. ಇದರಿಂದ ದೊಡ್ಡ ಆಸೆಗಳು ಹುಟ್ಟಿದವು. ಪೆಟ್ಟಿಗೆಯು ತಾನಾಗಿಯೇ ಮನೆಯನ್ನು ಸೇರುವುದಾದರೆ ಇನ್ನೇನು ಬೇಕು? ಆದರೆ ೨೦೧೬ರಲ್ಲಿ ಕೆನಡಾದ ಟೊರಾಂಟೋ ನಗರದ ವಾರನ್ ಚಾನ್ ಮತ್ತು ಅವರ ಸಂಗಡಿಗರು, ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಪ್ರಕಟವಾಗಿದ್ದ ಪ್ರಾಣಿಪ್ರಯೋಗಗಳನ್ನೆಲ್ಲ ಕಲೆಹಾಕಿ ಲೆಕ್ಕ ಹಾಕಿದರು. ಚುಚ್ಚಿದ ಸೂಕ್ಷ್ಮಕಣಗಳಲ್ಲಿ ಗೆಡ್ಡೆಯನ್ನು ಮುಟ್ಟುವುದು, ಮಧ್ಯಮ ಗಣನೆಯಲ್ಲಿ, ನೂರಕ್ಕೆ ೦.೭ ಪಾಲು. ನೂರು ಮಂದಿಗೆ ಬರೆದ ಪತ್ರಗಳಲ್ಲಿ ಒಂದಾದರೂ ಸರಿಯಾದ ಮನೆಗೆ ತಲುಪದಂತಾಯಿತು. ಉಳಿದವುಗಳಲ್ಲಿ ಬಹುಪಾಲು ಯಕೃತ್ತಿನಲ್ಲಿಯೂ ಪ್ಲೀಹದಲ್ಲಿಯೂ ಸಿಕ್ಕಿಕೊಳ್ಳುತ್ತವೆ. ಈ ಅಂಕಿಯನ್ನು ಕಂಡು ನಿರಾಶರಾದವರುಂಟು. ಆದರೆ ಬೀಗದ ಅಗತ್ಯವು ಇದರಿಂದಲೇ ಸಿದ್ಧವಾಯಿತೆಂಬುದನ್ನೂ ಗಮನಿಸಬೇಕು. ದಾರಿತಪ್ಪಿದ ಪೆಟ್ಟಿಗೆಗಳೆಲ್ಲ ಮುಚ್ಚಿಯೇ ಇರಲಿ, ಸರಿಯಾದ ಮನೆಗೆ ಹೋದದ್ದು ಮಾತ್ರ ತೆರೆಯಲಿ ಎನ್ನುವುದೇ ಈ ವಿದ್ಯೆಯ ತಿರುಳು.

ಬೀಗದ ಕೈ ಒಳಹೋಗುವುದಕ್ಕೆ ಫಿನ್ಸೆನ್ನರ ಕೆಂಪು ಗೋಡೆ ಅಡ್ಡವಾಗಿದೆಯಲ್ಲವೆ? ಅದರಲ್ಲಿ ಒಂದು ಕಿಟಕಿಯುಂಟು. ರಕ್ತವು ನೀಲಿ ಹಸುರು ಬಣ್ಣಗಳನ್ನು ಚೆನ್ನಾಗಿ ಹೀರುತ್ತದೆ, ಕೆಂಪನ್ನು ಅಷ್ಟಾಗಿ ಹೀರುವುದಿಲ್ಲ. ಕೈದೀಪಕ್ಕೆ ಅಂಗೈಯನ್ನು ಅಡ್ಡ ಹಿಡಿದರೆ ಬೆರಳುಗಳು ಕೆಂಪಗೆ ಹೊಳೆಯುವುದನ್ನು ಮಕ್ಕಳೂ ಬಲ್ಲರು. ಕೆಂಪಿನಾಚೆಗೆ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಬಹಳ ದೂರ ಹೋದರೆ ಶರೀರದ ನೀರು ಅವನ್ನು ಹೀರಿಕೊಳ್ಳುತ್ತದೆ. ಈ ಎರಡರ ನಡುವೆ, ಸುಮಾರು ೬೫೦ರಿಂದ ೯೦೦ ನ್ಯಾನೋಮೀಟರ್ ಅಲೆಯುದ್ದದ ಕಿರಣಗಳು, ಎಲ್ಲಕ್ಕಿಂತ ಹೆಚ್ಚು ಆಳಕ್ಕೆ ಇಳಿಯುತ್ತವೆ. ಹೆಚ್ಚು ಆಳವೆಂದರೂ ಅಂಗುಲಗಳ ಮಾತೇ ಹೊರತು ಮೊಳಗಳ ಮಾತಲ್ಲ.

ಈ ಕಿಟಕಿಯಿಂದ ಬರುವ ಬೆಳಕನ್ನು ಹಿಡಿಯುವ ವಸ್ತುವಾಗಿ ಚಿನ್ನವು ಕಥೆಯೊಳಕ್ಕೆ ಬರುತ್ತದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ೧೮೫೭ರಲ್ಲಿಯೇ ಮೈಕೇಲ್ ಫ್ಯಾರಡೆಯವರು ಚಿನ್ನವನ್ನು ನೀರಿನಲ್ಲಿ ಅತಿಸೂಕ್ಷ್ಮವಾಗಿ ಹರಡಿದರೆ ಅದು ಹಳದಿಯಾಗಿರದೆ ಮಾಣಿಕ್ಯದಂತೆ ಕೆಂಪಾಗುತ್ತದೆಂದು ತೋರಿಸಿದ್ದರು. ಅವರು ಮಾಡಿದ ದ್ರಾವಣದ ಶೀಸೆಯನ್ನು ಅಲ್ಲಿ ಇನ್ನೂ ಕಾಪಾಡಿದ್ದಾರೆ. ಕಣಗಳ ಗಾತ್ರಕ್ಕೂ ಬಣ್ಣಕ್ಕೂ ಇರುವ ಸಂಬಂಧವನ್ನು ೧೯೦೮ರಲ್ಲಿ ಜರ್ಮನಿಯ ಗುಸ್ಟಾಫ್ ಮೀ ಗಣಿತದಿಂದ ಸಾಧಿಸಿದರು. ಚಿನ್ನದ ಸೂಕ್ಷ್ಮಕಣದೊಳಗಿನ ವಿದ್ಯುತ್ಕಣಗಳು ತಮಗೆ ಒಪ್ಪುವ ಅಲೆಯುದ್ದದ ಬೆಳಕು ಬಿದ್ದಾಗ, ಶ್ರುತಿಗೂಡಿದ ತಂತಿಯಂತೆ, ಒಟ್ಟಾಗಿ ಕಂಪಿಸಿ ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಆದರೆ ಗುಂಡಾದ ಚಿನ್ನದ ಕಣದ ಶ್ರುತಿಯು ಹಸುರು ಬೆಳಕಿಗೆ ಕೂಡುತ್ತದೆ. ಅದು ಶರೀರದೊಳಕ್ಕೆ ಹೋಗದು. ೧೯೯೮ರಲ್ಲಿ ಅಮೆರಿಕಾದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದಲ್ಲಿ ನವೋಮಿ ಹಾಲಸ್ ಎಂಬ ವಿದುಷಿಯೂ ಅವರ ಶಿಷ್ಯರೂ ಸಿಲಿಕದ ಗುಂಡಿನ ಮೇಲೆ ಚಿನ್ನದ ತೆಳುವಾದ ಕವಚವನ್ನು ಹೊದಿಸಿದರು. ಕವಚವನ್ನು ತೆಳುವಾಗಿಸಿದಷ್ಟೂ ಶ್ರುತಿಯು ಕೆಂಪಿನ ಕಡೆಗೆ, ಅದನ್ನೂ ದಾಟಿ ಅವಕೆಂಪಿನ ಕಡೆಗೆ ಇಳಿಯುತ್ತ ಬಂತು. ವೀಣೆಯ ಬಿರಡೆಯನ್ನು ತಿರುಗಿಸಿದಂತೆ ಚಿನ್ನವನ್ನು ಶರೀರದ ಕಿಟಕಿಗೆ ಶ್ರುತಿಮಾಡಿದರು. (ಸುವರ್ಣಭಸ್ಮಕ್ಕೂ ಇದಕ್ಕೂ ನಂಟು ಕಟ್ಟುವವರುಂಟು. ಭಸ್ಮದಲ್ಲಿಯೂ ಸೂಕ್ಷ್ಮವಾದ ಚಿನ್ನವಿರಬಹುದು. ಆದರೆ ಬೆಳಕಿಗೆ ಶ್ರುತಿಮಾಡಿದ ಕವಚ ಅದಲ್ಲ.)

೨೦೦೦ದಲ್ಲಿ ಹಾಲಸ್ ಅವರೂ ಅದೇ ವಿಶ್ವವಿದ್ಯಾನಿಲಯದ ಜೆನಿಫರ್ ವೆಸ್ಟ್ ಮತ್ತು ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬೀಗ, ಪೆಟ್ಟಿಗೆ, ಕೈ ಮೂರೂ ಒಟ್ಟಿಗೆ ಕಾಣಿಸಿಕೊಂಡವು. ಅಕ್ರಿಲಮೈಡ್ ಜಾತಿಯ ಒಂದು ಲೋಳೆಯುಂಟು. ಅದು ಮೈಯ ಸಹಜವಾದ ಕಾವಿನಲ್ಲಿ ನೀರನ್ನು ಹೀರಿ ಉಬ್ಬಿರುತ್ತದೆ, ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿಗೆ ಏರಿದರೆ ಹಿಂಡಿದ ಬಟ್ಟೆಯಂತೆ ಕುಗ್ಗಿ ಒಳಗಿರುವುದನ್ನು ಹೊರಚೆಲ್ಲುತ್ತದೆ. ಈ ಲೋಳೆಯಲ್ಲಿ ಚಿನ್ನದ ಕವಚದ ಕಣಗಳನ್ನೂ ಔಷಧವನ್ನೂ ಬೆರೆಸಿ ಅವಕೆಂಪು ಲೇಸರ್ ಬೆಳಕನ್ನು ಬಿಟ್ಟರು. ಕಣಗಳು ಬಿಸಿಯಾದವು, ಲೋಳೆ ಕುಗ್ಗಿತು, ಔಷಧ ಹೊರಬಂತು. ಬೆಳಕನ್ನು ನಿಲ್ಲಿಸಿದರೆ ಮತ್ತೆ ಉಬ್ಬಿತು. ಮಧುಮೇಹಿಗಳಿಗೆ ಕೊಡುವ ಇನ್ಸುಲಿನ್ನನ್ನೂ ಹೀಗೆ ಬಿಡಿಸಿ ನೋಡಿದರು. ೨೦೦೯ರಲ್ಲಿ ಸೇಂಟ್ ಲೂಯಿಸ್ ನಗರದ ಯೂನಾನ್ ಷಿಯಾ ಅವರ ಗುಂಪು ಟೊಳ್ಳಾದ ಚಿನ್ನದ ಪಂಜರದೊಳಗೆ ಮದ್ದನ್ನಿಟ್ಟು, ಪಂಜರದ ರಂಧ್ರಗಳನ್ನು ಇಂತಹ ಎಳೆಗಳಿಂದ ಮುಚ್ಚಿದರು. ಬಿಸಿಲಿಗೆ ಮುದುಡುವ ಎಲೆಯಂತೆ ಎಳೆಗಳು ಮುದುಡಿದಾಗ ಬಾಗಿಲು ತೆರೆಯಿತು.

ಕಾವಿನ ಗೊಡವೆಯಿಲ್ಲದೆ ಬೆಳಕಿನಿಂದಲೇ ತಿರುಗುವ ಬೀಗಗಳೂ ಉಂಟು. ಅಜೋಬೆನ್ಜೀನ್ ಎಂಬ ವಸ್ತುವು ೧೮೩೪ರಿಂದಲೂ ತಿಳಿದಿದ್ದರೂ, ಅದರ ನೀಳವಾದ ಅಣುವು ಬೆಳಕು ಬಿದ್ದಾಗ ಮೊಣಕೈಯಂತೆ ಬಾಗುತ್ತದೆಂಬುದನ್ನು ೧೯೩೭ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಎಂಬವರು ತೋರಿಸಿದರು. ೨೦೦೩ರಲ್ಲಿ ಜಪಾನಿನ ಪಂಡಿತರು ಜೇನುಗೂಡಿನಂತೆ ರಂಧ್ರಗಳಿರುವ ಸಿಲಿಕದ ಬಾಯಿಗೆ ಕೂಮರಿನ್ ಅಣುಗಳನ್ನು ಕೂರಿಸಿ, ಒಂದು ಬೆಳಕಿನಿಂದ ಮುಚ್ಚಿ ಇನ್ನೊಂದರಿಂದ ತೆರೆದರು. ೨೦೦೮ರಲ್ಲಿ ಲಾಸ್ ಏಂಜಲೀಸಿನ ಜಿಂಕ್ ಮತ್ತು ತಮನೋಯಿ ಅವರ ತಂಡವು ಅಂತಹ ಸಿಲಿಕದ ಕಣಗಳಲ್ಲಿ ಅಜೋಬೆನ್ಜೀನನ್ನು ತೊಡಿಸಿ, ಅರ್ಬುದಕೋಶಗಳ ಒಳಗೇ ಮದ್ದನ್ನು ಬಿಡುಗಡೆ ಮಾಡಿತು. ರಸಾಯನಶಾಸ್ತ್ರದ ದೃಷ್ಟಿಯಿಂದ ಇವು ಅತ್ಯಂತ ಸೊಗಸಾದ ಕೆಲಸಗಳು. ಆದರೆ ಇಂತಹ ಬೀಗಗಳಲ್ಲಿ ಬಹುಪಾಲು ಅತಿನೇರಳೆ ಅಥವಾ ನೀಲಿ ಬೆಳಕಿಗೇ ತೆರೆಯುವಂಥವು. ಆ ಬೆಳಕು ಚರ್ಮವನ್ನು ದಾಟಿ ಆಳಕ್ಕೆ ಹೋಗಲಾರದು, ಅತಿನೇರಳೆಯಾದರೆ ಹೋದಷ್ಟೂ ಕೆಡುಕನ್ನೇ ಮಾಡೀತು. ಗಾಜಿನ ಬಟ್ಟಲಲ್ಲಿ ಗೆದ್ದದ್ದು ದೇಹದಲ್ಲಿ ಗೆದ್ದಂತಲ್ಲ ಎಂಬ ಮಾತನ್ನು ಈ ವಿಷಯದ ವರದಿಗಳನ್ನೋದುವಾಗ ಮರೆಯಬಾರದು. ಬರೆಯುವವರೇ ಕೆಲವು ವೇಳೆ ಮರೆತಂತೆ ಕಾಣುತ್ತದೆ. ಇದಕ್ಕೊಂದು ಉಪಾಯವನ್ನು ಫ್ರಾನ್ಸಿನ ಫ್ರಾನ್ಸ್ವಾ ಓಜೆಲ್ ೧೯೬೬ರಲ್ಲಿ ಕಂಡಿದ್ದ ತತ್ತ್ವದಿಂದ ಪಡೆದಿದ್ದಾರೆ. ಇಟರ್ಬಿಯಮ್ ಮೊದಲಾದ ವಿರಳ ಧಾತುಗಳು ಅವಕೆಂಪಿನ ಎರಡು ಮೂರು ಬೆಳಕಿನ ಕಣಗಳನ್ನು ನುಂಗಿ, ಅವುಗಳ ಶಕ್ತಿಯನ್ನು ಕೂಡಿಸಿ, ನೀಲಿಯ ಅಥವಾ ಅತಿನೇರಳೆಯ ಒಂದನ್ನು ಹೊರಗೆಡಹುತ್ತವೆ. ಹೊರಗಿನಿಂದ ಹೋಗುವುದು ಸಾಧುವಾದ ಕಿರಣ. ಬೀಗದ ಪಕ್ಕದಲ್ಲಿ ಹುಟ್ಟುವುದು ಅದಕ್ಕೊಪ್ಪುವ ಕಿರಣ. ಆದರೆ ಈ ಪರಿವರ್ತನೆಯಲ್ಲಿ ಬೆಳಕಿನ ಬಹುಭಾಗ ವ್ಯರ್ಥವಾಗುತ್ತದೆ.

ಇವುಗಳಲ್ಲಿ ರೋಗಿಯ ಹಾಸಿಗೆಯವರೆಗೆ ಬಂದವು ಯಾವುವು? ಬೆಳಕಿನಿಂದ ಬೀಗ ತೆರೆದು ಮದ್ದನ್ನು ಸುರಿಸುವ ಕಣಗಳು ಇನ್ನೂ ಸಾಮಾನ್ಯ ಚಿಕಿತ್ಸೆಯಾಗಿ ಬಳಕೆಗೆ ಬಂದಿಲ್ಲ. ಅವುಗಳ ನೆಂಟರಲ್ಲಿ ಕೆಲವು ಬಂದಿವೆ. ಮುಪ್ಪಿನಲ್ಲಿ ಕಣ್ಣಿನ ಹಿಂಬದಿಯಲ್ಲಿ ಕೆಟ್ಟ ರಕ್ತನಾಳಗಳು ಬೆಳೆದು ದೃಷ್ಟಿಯನ್ನು ಕಳೆಯುವ ರೋಗಕ್ಕೆ ೨೦೦೦ದಲ್ಲಿ ಅಮೆರಿಕಾದಲ್ಲಿ ಅನುಮತಿ ಪಡೆದ ವರ್ಟೆಪೋರ್ಫಿನ್ ಅವುಗಳಲ್ಲೊಂದು. ಬ್ಯಾಂಗಮ್ಮರ ಗುಳ್ಳೆಗಳಲ್ಲಿ ಆ ಮದ್ದನ್ನು ತುಂಬಿ ತೋಳಿನ ನಾಳಕ್ಕೆ ಹರಿಸಿ, ಕೆಂಪು ಲೇಸರನ್ನು ೮೩ ಸೆಕೆಂಡುಗಳ ಕಾಲ ಕಣ್ಣಿನೊಳಕ್ಕೆ ಬಿಡುತ್ತಾರೆ. ಕಣ್ಣು ಬೆಳಕಿಗೆಂದೇ ದೇವರು ತೆರೆದಿಟ್ಟ ಬಾಗಿಲಾದುದರಿಂದ ಇಲ್ಲಿ ಕೆಂಪು ಗೋಡೆಯ ತೊಡಕಿಲ್ಲ. ರೋಗಿಯು ಬಿಸಿಲಿಗೆ ಅಂಜಬೇಕಾದದ್ದೂ ಐದು ದಿನಗಳು ಮಾತ್ರ. ೨೦೦೬ರಿಂದೀಚೆಗೆ ಕಣ್ಣಿಗೆ ಚುಚ್ಚುವ ಬೇರೆ ಔಷಧಗಳು ಬಂದು ಇದರ ಬಳಕೆ ಬಹಳ ತಗ್ಗಿತು. ಚಿನ್ನದ ಕವಚದ ಕಣಗಳನ್ನು ಪ್ರಾಸ್ಟೇಟ್ ಗ್ರಂಥಿಯ ಅರ್ಬುದವಿದ್ದ ೧೬ ಮಂದಿಯಲ್ಲಿ ಪ್ರಯೋಗಿಸಿದ ವರದಿಯು ೨೦೧೯ರಲ್ಲಿ ಹೊರಬಿತ್ತು. ಅಲ್ಲಿ ಮದ್ದೇ ಇಲ್ಲ, ಕಣಗಳ ಕಾವಿನಿಂದಲೇ ಗೆಡ್ಡೆಯನ್ನು ಸುಡುವುದು. ಬೆಳಕು ಹೊರಗಿನಿಂದ ಅಷ್ಟು ಆಳಕ್ಕೆ ಇಳಿಯದೆಂದು, ಕೂದಲಿನಂಥ ಗಾಜಿನ ತಂತುವನ್ನು ಗ್ರಂಥಿಯೊಳಕ್ಕೇ ತೂರಿಸಿ ಬೆಳಕನ್ನು ಒಯ್ದರು.

ಜಪಾನ್ ದೇಶವು ೨೦೨೦ರ ಸೆಪ್ಟೆಂಬರಿನಲ್ಲಿ ತಲೆ ಮತ್ತು ಕತ್ತಿನ ಅರ್ಬುದಕ್ಕೆ ಒಂದು ಔಷಧವನ್ನು ಅಂಗೀಕರಿಸಿತು. ಇದರ ಮೂಲಪುರುಷರು ಅಮೆರಿಕಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಹಿಸಾತಕಾ ಕೊಬಯಾಶಿ. ೨೦೧೧ರಲ್ಲಿ ಅವರು ಇದರ ತತ್ತ್ವವನ್ನು ಪ್ರಕಟಿಸಿದ್ದರು. ಅರ್ಬುದಕೋಶದ ಮೇಲ್ಮ��ಯನ್ನು ಗುರುತಿಸಿ ಅಂಟಿಕೊಳ್ಳುವ ಒಂದು ಪ್ರತಿಕಾಯಕ್ಕೆ ಬೆಳಕನ್ನು ಹೀರುವ ಬಣ್ಣವನ್ನು ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಮರುದಿನ ಗೆಡ್ಡೆಯೊಳಕ್ಕೆ ಸೂಜಿಯ ಮಾರ್ಗವಾಗಿ ತಂತುಗಳನ್ನು ಇಳಿಸಿ ೬೯೦ ನ್ಯಾನೋಮೀಟರಿನ ಕೆಂಪು ಬೆಳಕನ್ನು ಹಾಯಿಸುತ್ತಾರೆ. ಬಣ್ಣ ಅಂಟಿಕೊಂಡ ಕೋಶಗಳ ಪೊರೆ ಒಡೆದು ಅವು ಸಾಯುತ್ತವೆ, ಅಂಟದವು ಉಳಿಯುತ್ತವೆ. ಶಸ್ತ್ರಚಿಕಿತ್ಸೆಗೆ ಒಗ್ಗದ ರೋಗಿಗಳಿಗೆಂದು ಇದನ್ನು ಮೀಸಲಿಟ್ಟಿದ್ದಾರೆ. ಮದ್ದು ಚುಚ್ಚಿಸಿಕೊಂಡ ರೋಗಿಯನ್ನು ಮೊದಮೊದಲು ಮಂದವಾದ ಬೆಳಕಿನ ಕೋಣೆಯಲ್ಲಿಯೇ ಇರಿಸುತ್ತಾರೆ. ಮನೆಗೆ ಹೊರಟಾಗ ಬಿಸಿಲಿಗೆ ಮೈತಾಗದಂತೆ ಟೊಪ್ಪಿಗೆಯನ್ನೂ ತುಂಬುತೋಳಿನ ಅಂಗಿಯನ್ನೂ ತೊಡುವಂತೆ ಹೇಳಿ ಕಳುಹಿಸುತ್ತಾರೆ.